ಆಲ್ಮಾಳ ಮೂರು ಬಕೆಟ್ ಆಲೂಗಡ್ಡೆ

ನೋರೀನ್‌ಗೂ ಗಿಡಗಳಿಗೂ ಆಗಿಬರುತ್ತಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಆಲೂಗಡ್ಡೆ ಸುಲಿದವಳು ಒಂದನ್ನಾದರೂ ಮಣ್ಣಿಗೆ ಹಾಕಿದವಳಲ್ಲ. ಯಾರ್ಕ್‌ಷೈರ್‌ನ ಆ ಗಿರಣಿ ಊರಿನ ಸಾಲುಮನೆಯಲ್ಲಿ ಅದು ಅಕ್ಕ ಆಲ್ಮಾಳ ಕೆಲಸ. ಹಿತ್ತಲೆಂದರೆ ನಾಲ್ಕು ಹೆಜ್ಜೆ ಕಲ್ಲುಹಾಸು, ಅಷ್ಟೇ. ಆದರೂ ಆಲ್ಮಾ ಪ್ರತಿ ಆಗಸ್ಟಿನಲ್ಲಿ ತಳ ತೂತು ಮಾಡಿದ ಮೂರು ಬಕೆಟ್‌ಗಳಲ್ಲಿ ಬಿತ್ತನೆ ಗಡ್ಡೆ ಹೂತು, ಕ್ರಿಸ್‌ಮಸ್ ಊಟಕ್ಕೆ ಎಳೆ ಆಲೂಗಡ್ಡೆ ತೆಗೆಯುತ್ತಿದ್ದಳು. ನಡುಚಳಿಗಾಲದಲ್ಲಿ ಎಳೆ ಗಡ್ಡೆ! ಬೀದಿಗೆ ಬೀದಿಯೇ ಹೊಟ್ಟೆ ಉರಿದುಕೊಳ್ಳುತ್ತಿತ್ತು. ಆಲ್ಮಾಳಿಗೂ ಬೇಕಿದ್ದದ್ದು ಅದೇ ಅನ್ನಿ.

ಆ ವರ್ಷ ಜುಲೈಯಲ್ಲಿ ಆಲ್ಮಾ ಆಸ್ಪತ್ರೆ ಸೇರಿದಳು. ಕರುಳಿನ ಕ್ಯಾನ್ಸರ್. ಹೊಸ ವರ್ಷ ಕಾಣುವುದು ಅನುಮಾನ ಎಂದರು ಡಾಕ್ಟರು. ಊಟ ಸೇರುತ್ತಿರಲಿಲ್ಲ, ಆಸೆ ಮಾತ್ರ ಒಂದು ಉಳಿದಿತ್ತು.

"ಬಕೆಟ್ ನೀನೇ ಹಾಕ್ಬೇಕು ಕಣೇ. ಹೇಗೆ ಅಂತ ಹೇಳ್ಕೊಡ್ತೀನಿ. ಕ್ರಿಸ್‌ಮಸ್ ದಿನ ನಮ್ ಗಡ್ಡೆ ಒಂದೆರಡು ತಿನ್ನದೆ ನಾನು ಹೋಗಲ್ಲ."

"ನಾನು ಮುಟ್ಟಿದ್ದು ಚಿಗುರಲ್ಲ ಅಂತ ನೀನೇ ಆಡ್ಕೊತಿದ್ಯಲ್ಲಕ್ಕಾ."

"ಅದಕ್ಕೇ ಹೇಳ್ಕೊಡ್ತೀನಿ ಅಂದಿದ್ದು."

ಗಡ್ಡೆ ಚಿಗುರಿತು. ಕಾಂಡ ಏರಿದಂತೆಲ್ಲ ನೋರೀನ್ ಮಣ್ಣು ಏರಿಸಿದಳು. ಸೆಪ್ಟೆಂಬರ್ ಕೊನೆಗೆ ಜಡಿಮಳೆ ಹಿಡಿಯಿತು. ಎಲೆಯ ಅಂಚಿನಲ್ಲಿ ಕಂದು ಚುಕ್ಕೆ ಕಾಣಿಸಿ, ಎರಡೇ ದಿನಕ್ಕೆ ಕಪ್ಪಾಯಿತು.

"ಎಲೆ ಹೇಗಿದ್ಯೇ?" ಎಂದು ಆಲ್ಮಾ ಆ ಮಧ್ಯಾಹ್ನ ಕೇಳಿದಳು.

ದಿಂಬಿನ ಮೇಲಿನ ಬಡಕಲು ಮುಖ ನೋಡಿ ನೋರೀನಳ ನಾಲಿಗೆ ತಾನೇ ಹೊರಳಿತು. "ಹಸಿರಂದ್ರೆ ಹಸಿರು."

"ಕೇಳಿದ್ರಾ? ನನ್ ತಂಗಿ ಕೂಡ ಬೆಳೀತಾಳೆ!" ಎಂದು ಆಲ್ಮಾ ಪಕ್ಕದ ಹಾಸಿಗೆಯವಳಿಗೆ ಹೇಳಿ, ಅಂದು ಅರ್ಧ ಬಟ್ಟಲು ಸೂಪು ಕುಡಿದಳು. ಆಮೇಲೆ ನಿಜ ಹೇಳುವುದು ಹೇಗೆ? ಅಕ್ಕನನ್ನು ನೋಡಲು ಹೋದಾಗಲೆಲ್ಲ ನೋರೀನ್ ಒಣಗಿದ ಗಿಡಕ್ಕೆ ಮಾತಿನಲ್ಲೇ ಒಂದೊಂದು ಹೊಸ ಎಲೆ ಹಚ್ಚಿದಳು. ಬೀದಿಯವರನ್ನು ಕೇಳೋಣವೆಂದರೆ ಮಾತು ಸಂಜೆಯೊಳಗೆ ಆಸ್ಪತ್ರೆ ಮುಟ್ಟುತ್ತಿತ್ತು. ಎಲೆ ಹೋದರೇನು, ಒಳಗಿನ ಗಡ್ಡೆ ನೆಟ್ಟಗಿರಬಹುದು ಎಂದುಕೊಂಡಳು. ಕೆದಕಿ ನೋಡುವಂತಿಲ್ಲ, ಕ್ರಿಸ್‌ಮಸ್ ಮುನ್ನಾದಿನದವರೆಗೆ ಮಣ್ಣು ಮುಟ್ಟಬಾರದು ಎಂಬುದು ಆಲ್ಮಾಳ ಕಟ್ಟಪ್ಪಣೆ. ಚಳಿ ಬಿದ್ದಾಗ ಬಕೆಟ್‌ಗಳಿಗೆ ಗೋಣಿಯನ್ನೂ ಸುತ್ತಿದಳು, ಪಾಪ.

ಮುನ್ನಾದಿನ ಬಕೆಟ್ ಬೋರಲು ಹಾಕಿದಾಗ ನಾತ ಮೂಗಿಗೆ ಬಡಿಯಿತು. ಮೂರರಲ್ಲೂ ಕೈಗೆ ಹತ್ತಿದ್ದು ಲೋಳೆ ಮಾತ್ರ. ಪಕ್ಕದ ಮನೆಯ ಸಿರಿಲ್ ಗೋಡೆಯ ಮೇಲಿಂದ ಇಣುಕಿದ.

"ಅಂಗಮಾರಿ ರೋಗ ಕಣಮ್ಮ. ಎಲೆ ಕಪ್ಪಾದ ದಿನವೇ ಕಾಂಡ ಬುಡಕ್ಕೆ ಕತ್ತರಿಸಿದ್ರೆ ಗಡ್ಡೆ ಉಳೀತಿತ್ತು. ಆಲ್ಮಾನ ಒಂದ್ಮಾತು ಕೇಳೋದಲ್ವಾ? ನಂಗೆ ಹೇಳ್ಕೊಟ್ಟಿದ್ದೇ ಅವರು."

ನೋರೀನ್ ಲೋಳೆಯನ್ನೆಲ್ಲ ಮತ್ತೆ ಬಕೆಟ್‌ಗೆ ತುಂಬಿದಳು.

ಕ್ರಿಸ್‌ಮಸ್ ದಿನ ಆಲ್ಮಾ ತಲೆ ಬಾಚಿಸಿಕೊಂಡು, ದಿಂಬಿಗೊರಗಿ ಕಾದಿದ್ದಳು. "ನರ್ಸ್ ತಂದಿದ್ದನ್ನ ವಾಪಸ್ ಕಳಿಸ್ದೆ. ಹೊಟ್ಟೆ ಖಾಲಿ ಇಟ್ಕೊಂಡಿದೀನಿ. ಎಲ್ಲಿ, ತೆಗಿ."

ನೋರೀನ್ ಕೋಟು ಕೂಡ ಬಿಚ್ಚಲಿಲ್ಲ. "ಇಲ್ಲಕ್ಕಾ. ಎಲ್ಲಾ ಕೊಳೆತೋಯ್ತು. ಎಲೆ ಸೆಪ್ಟೆಂಬರ್‌ನಲ್ಲೇ ಕಪ್ಪಾಗಿತ್ತು. ನಿಂಗೆ ನೋವಾಗುತ್ತೆ ಅಂತ ಹೇಳ್ಲಿಲ್ಲ."

ಆಲ್ಮಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನ ಎರಡೂ ಅಂಗೈ ನೋಡಿಕೊಂಡಳು.

"ಆಗ್ಲೇ ಹೇಳಿದ್ದಿದ್ರೆ ಇಲ್ಲಿ ಮಲಗಿದ್ದಲ್ಲಿಂದ್ಲೇ ಉಳಿಸ್ತಿದ್ದೆ ಕಣೇ," ಎಂದಳು. "ಅದೊಂದಾದ್ರೂ ನನ್ ಕೈಲಾಗ್ತಿತ್ತು."