ಇಲಿ ಲಿವರಿನ ಈರಬಸಪ್ಪ

ಪುಣೆಯ ಪ್ರಯೋಗಾಲಯವೊಂದರಲ್ಲಿ ಈರಬಸಪ್ಪನವರ ಕೆಲಸವೆಂದರೆ ಇಲಿಯ ಯಕೃತ್ತಿನ ಜೀವಕೋಶಗಳಿಂದ ಕೋಶಕೇಂದ್ರಗಳನ್ನು ಬೇರ್ಪಡಿಸುವುದು. ಮಾದರಿಗಳನ್ನಿಟ್ಟ ಮಂಜುಗಡ್ಡೆಯ ಬುಟ್ಟಿಯನ್ನು ಅವರು ಕೂಸಿನಂತೆ ಎತ್ತಿಕೊಂಡೇ ಓಡಾಡುತ್ತಾರೆ; ಯಾರಾದರೂ ಅವಸರಿಸಿದರೆ, "ಸಾವಕಾಶ್ರಿ, ಕಿಣ್ವ ಸಿಟ್ಟಾದ್ರ ರಮಸಾವ್ರು ಯಾರು?" ಎನ್ನುತ್ತಾರೆ. ಹೊಸಬರಿಗೆಲ್ಲ ಒಂದೇ ಪಾಠ: "ಥೈರಾಯ್ಡ್ ಹಾರ್ಮೋನು ಕೋಶಕೇಂದ್ರಕ್ಕ ಹೊಕ್ಕತಂದ್ರ ಮುಗೀತು, ಮಲಗಿದ್ದ ಕಿಣ್ವಗಳು ಭಾಳ ಚುರುಕಾಗಿ ಕೆಲಸಕ್ಕ ಹತ್ತತಾವ." ಯಂತ್ರದಲ್ಲಿ ಕಿಣ್ವದ ಚುರುಕು ತೋರಿಸುವ ಅಂಕಿ ಏರಿದ ದಿನ ಇಡೀ ವಿಭಾಗಕ್ಕೆ ಅವರದೇ ಚಹಾ, ಬಾಕರವಡಿ. "ಇಲಿ ಲಿವರ್ ನೋಡಿ ಇಷ್ಟ್ಯಾಕ ಖುಷಿ, ಕಾಕಾ?" ಎಂದು ವಿದ್ಯಾರ್ಥಿನಿ ಸ್ನೇಹಲ್ ಒಮ್ಮೆ ಕೇಳಿದಳು. ಅವರು ಬುಟ್ಟಿಯನ್ನು ಮೇಜಿನ ಮೇಲಿಟ್ಟರು. "ನಮ್ಮಾಕಿ ಥೈರಾಯ್ಡ್ ಕಮ್ಮಿಯಾಗಿ ಎರಡು ವರ್ಷ ಹಾಸಿಗಿ ಹಿಡಿದಿದ್ಲು, ನಗೋದನ್ನೂ ಬಿಟ್ಟಿದ್ಲು. ಇದೇ ಹಾರ್ಮೋನಿನ ಗುಳಗಿ ತಗೊಂಡಾಕಿ ಹ್ವಾದ ವಾರ ಜೇಜುರಿ ಗುಡ್ಡದ ಗುಡಿ ಮೆಟ್ಟಲಾ ನನಗಿಂತ ಮುಂದ ಹತ್ತಿ, ಮ್ಯಾಲಿಂದ 'ಲಗೂ ಬರ್ರಿ' ಅಂತ ಬೈದ್ಲು ನೋಡವಾ!"