ಆಕಾಶದಲ್ಲಿದ್ದ ಅಪ್ಪನಿಗೆ ನಮ್ಮ ಮಾತು ಕೇಳದ ದಿನ

ನಾನು ಚಿಕ್ಕವನಿದ್ದಾಗ ಅಪ್ಪ ಗುಡ್ಡದ ಮೇಲಿನ ವಿಮಾನ ನಿಲ್ದಾಣದಲ್ಲಿ ರೇಡಿಯೊ ಮೆಕ್ಯಾನಿಕ್ ಆಗಿದ್ದರು. ವಿಮಾನದ ಡೈನಮೋದಿಂದ ಏಳುವ ವಿದ್ಯುತ್ ಗದ್ದಲ ರೇಡಿಯೊದೊಳಗೆ ನುಗ್ಗಿದರೆ ಗರಗರ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಅದನ್ನು ತಡೆಯಲು ಡೈನಮೋದ ತಂತಿಗೆ ತಾಮ್ರದ ಎಳೆಗಳ ಕವಚ ತೊಡಿಸಿ, ಅದರ ತುದಿಯನ್ನು ವಿಮಾನದ ಮೈಗೆ ಬೋಲ್ಟು ಹಾಕಿ ಬಿಗಿಯಬೇಕು. ಅದು ಅಪ್ಪನ ಕೆಲಸ.

ಮಳೆಗಾಲಕ್ಕೆ ಮುಂಚಿನ ಒಂದು ಬೆಳಿಗ್ಗೆ, ಹೊಸದಾಗಿ ಕವಚ ಹಾಕಿದ ಸಣ್ಣ ವಿಮಾನವನ್ನು ಪರೀಕ್ಷಿಸಲು ಅಪ್ಪ ಪೈಲಟ್ ಜೊತೆ ಹಾರಿದರು. ಬುತ್ತಿ ತಂದಿದ್ದ ಅಕ್ಕನೂ ನಾನೂ ಶೆಡ್ಡಿನಲ್ಲಿ ಕುಳಿತೆವು. ಅಲ್ಲೆಲ್ಲ ಪೆಟ್ರೋಲಿನ ವಾಸನೆ. ಅಲ್ಲಿ ಕುಳಿತು ನೆಲದ ರೇಡಿಯೊ ನೋಡಿಕೊಳ್ಳುತ್ತಿದ್ದವರನ್ನು ನಾವು ಮಾಮ ಎನ್ನುತ್ತಿದ್ದೆವು.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಮೋಡ ಬಂದು ಗುಡ್ಡವನ್ನೇ ಮುಚ್ಚಿತು. ಮೇಲಿದ್ದವರಿಗೆ ಮೋಡ ಕಾಣುತ್ತಿತ್ತು. ಅದು ನೆಲಕ್ಕೆ ತಾಗಿದೆ ಎಂದು ಗೊತ್ತಿರಲಿಲ್ಲ.

"ಇಳಿಯಬೇಡಿ, ಮೇಲೆಯೇ ಕಾಯಿರಿ," ಎಂದರು ಮಾಮ ಮೈಕಿನಲ್ಲಿ.

ಅಪ್ಪನ ಸ್ವರ ನಮಗೆ ಸ್ಪಷ್ಟವಾಗಿ ಬಂತು. "ಎಂತ ಹೇಳಿದ್ದು? ಇಲ್ಲಿ ಗರಗರ ಮಾತ್ರ. ನಾವು ಇಳಿಯಲು ಬರ್ತೇವೆ."

ಮಾಮ ಮತ್ತೆ ಹೇಳಿದರು, ಮತ್ತೆ ಹೇಳಿದರು. ಎಂಜಿನ್ನಿನ ಸದ್ದು ಮೋಡದೊಳಗೆ ಹತ್ತಿರವಾಯಿತು. ಅಕ್ಕನ ಉಗುರು ನನ್ನ ಮಣಿಕಟ್ಟಿಗೆ ಚುಚ್ಚಿತು.

"ಡೈನಮೋ ಬಂದ್ ಮಾಡ್ತೇನೆ. ಬ್ಯಾಟರಿಯಲ್ಲಿ ನೋಡುವ," ಎಂದಿತು ಅಪ್ಪನ ಸ್ವರ.

"ಕೆಳಗೆ ಬರಬೇಡಿ. ಮೋಡ ಗುಡ್ಡಕ್ಕೆ ತಾಗಿ ಉಂಟು."

ಮಾಮ ಮೈಕಿನ ಗುಂಡಿ ಬಿಟ್ಟರು. ಆಮೇಲೆ, "ಕೇಳಿತು. ಮೇಲೆ ಹೋಗ್ತೇವೆ."

ಮೋಡ ಸರಿದ ಮೇಲೆ ಅವರು ಇಳಿದರು. ಅಪ್ಪ ಬಂದವರೇ ಬೋಲ್ಟು ಬಿಚ್ಚಿದರು. ಕವಚ ವಿಮಾನದ ಮೈಗೆ ಸೇರುವಲ್ಲಿ ಹಸಿರು ಬಣ್ಣವಿತ್ತು. ಮಳೆಗೆ ಮುಂಚೆ ಗೇಟು, ಕಿಟಕಿ ಸರಳುಗಳಿಗೆಲ್ಲ ಬಣ್ಣ ಬಳಿಯುವುದು ನಮ್ಮೂರಿನ ವಾಡಿಕೆ. ಉಪ್ಪುಗಾಳಿಗೆ ಕಿಲುಬು ಹಿಡಿದೀತೆಂದು ಅಪ್ಪ ಅಲ್ಲಿಗೂ ಬಳಿದಿದ್ದರು. ಲೋಹಕ್ಕೆ ಲೋಹ ತಾಗದೆ, ಗದ್ದಲ ವಿಮಾನದ ಮೈಗೆ ಹರಿದುಹೋಗಲಾಗದೆ, ಕವಚ ಇದ್ದೂ ಇಲ್ಲದಂತಾಗಿತ್ತು.

"ಮನೆ ಗೇಟಿನ ಪೇಂಟ್ ಉಳಿದಿತ್ತಾ ಮಾರಾಯ?" ಎಂದರು ಮಾಮ.

ಅಪ್ಪ ನಗಲಿಲ್ಲ. ಲೋಹ ಹೊಳೆಯುವವರೆಗೆ ಬ್ಲೇಡಿನಿಂದ ಕೆರೆದರು.

ಮಕ್ಕಳೇ, ಈಗ ವಿಮಾನ ಎಲ್ಲಿದೆ ಎಂದು ನಿಮಗೆ ಫೋನಿನಲ್ಲೇ ಕಾಣುತ್ತದೆ. ಮೊನ್ನೆ ನಿಮ್ಮ ಅಮ್ಮ ದುಬೈಯಿಂದ ಬರುವಾಗ ಮಳೆಗೆ ವಿಮಾನ ಇಳಿಯಲಾರದೆ ಸುತ್ತುತ್ತಿತ್ತು. ಪರದೆಯ ಮೇಲೆ ತಿರುಗುವ ಚುಕ್ಕಿ ನೋಡುತ್ತಾ ನೀವು ಬಾಳೆಕಾಯಿ ಚಿಪ್ಸ್ ತಿನ್ನುತ್ತಿದ್ದಿರಿ. ನಾನು ಕೊಡೆ ಹಿಡಿದು, ಮೋಡದೊಳಗಿನ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಅಂಗಳದಲ್ಲಿ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ವಿಮಾನ ಇಳಿಯಿತು.