ಮೇಜಿನಡಿಯ ಗೆರೆಗಳು

ಕಟಿಂಗ್ ಅಕ್ಕನ ಮೇಜಿನ ಮೇಲ್ಮೈಯನ್ನು ಹೊಲಿಗೆ ಕಾರ್ಖಾನೆಯವರೆಲ್ಲ ಕಂಡಿದ್ದರು. ಅದರ ಅಡಿ ಕಂಡವಳು ಅವಳೊಬ್ಬಳೇ. ಅಲ್ಲಿ, ಹಲಗೆಯ ಒಳಮೈಗೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ದಿನಕ್ಕೊಂದು ಗೆರೆ ಎಳೆಯುತ್ತಿದ್ದಳು. ಆರು ಗೆರೆಯಾದರೆ ಅಡ್ಡಲಾಗಿ ಒಂದು ಗೀಟು ಹಾಕಿ ಕಟ್ಟು ಮಾಡುತ್ತಿದ್ದಳು. ಆರ್ಡರ್ ಹಿಡಿದು ಎಷ್ಟು ದಿನವಾಯಿತೆಂದು ಆ ಕಾರ್ಖಾನೆಯಲ್ಲಿ ಎಣಿಸುವುದೇ ಹಾಗೆ. ಹದಿನಾರನೇ ವಯಸ್ಸಿಗೆ ಕತ್ತರಿ ಹಿಡಿದವಳಿಗೆ ಈಗ ಮೂವತ್ತನಾಲ್ಕು. ಬೇರೆ ಥರ ಎಣಿಸುವುದು ಅವಳಿಗೆ ಮರೆತೇ ಹೋಗಿತ್ತು.

ಆದರೆ ಈ ಗೆರೆಗಳು ಯಾವ ಆರ್ಡರಿನವೂ ಅಲ್ಲ. ಅವಳ ಮುಟ್ಟಿನವು.

ವರ್ಷದಿಂದ ಅದು ಕರೆಯದ ನೆಂಟನ ಹಾಗೆ ತನಗೆ ತೋಚಿದಾಗ ಬರುತ್ತಿತ್ತು, ಬರಬೇಕಾದಾಗ ಪತ್ತೆಯಿಲ್ಲ. ಗದ್ದದ ಮೇಲೆ ನಾಲ್ಕು ಗಡುಸು ಕೂದಲು ಬೇರೆ. ಆಸ್ಪತ್ರೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದಳು, ರಕ್ತ ಕೊಟ್ಟಳು. ಡಾಕ್ಟರಮ್ಮ ಚಿತ್ರ ತೋರಿಸಿ, ಅಂಡಾಶಯದ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳಿವೆ, ಪಿಸಿಓಎಸ್ ಎನ್ನುತ್ತಾರೆ, ನಿಮ್ಮದು ಜೋರಿಲ್ಲ ಎಂದರು. ಸಕ್ಕರೆ ಇಲ್ಲ, ಬಿಪಿ ಇಲ್ಲ, ತೂಕ ತುಸು ಹೆಚ್ಚು. ಮಕ್ಕಳ ಯೋಚನೆ ಇದೆಯೇ ಎಂದು ಕೇಳಿದರು. ಇಲ್ಲ ಎಂದಳು. ಹಾಗಾದರೆ ತಿಂಗಳು ತಿಂಗಳು ಮಾತ್ರೆ ನುಂಗಲೇಬೇಕೆಂದೇನಿಲ್ಲ, ಬೇಕೆಂದರೆ ಕೊಡುತ್ತೇನೆ, ಬೇಡವೆಂದರೆ ಚೆನ್ನಾಗಿ ನಡೆದಾಡಿ ಕಾದು ನೋಡಿ, ಆಯ್ಕೆ ನಿಮ್ಮದು ಎಂದರು. ಒಂದು ಮಾತನ್ನು ಮಾತ್ರ ಒತ್ತಿ ಹೇಳಿದರು.

"ಮುಟ್ಟಾದ ದಿನದಿಂದ ಎಣಿಸಿ. ತೊಂಬತ್ತು ದಿನ ದಾಟಿದ್ರೆ ಕಾಯ್ಬೇಡಿ, ಬಂದುಬಿಡಿ. ಗರ್ಭಕೋಶದ ಒಳಪದರ ಕಳಚದೆ ದಪ್ಪ ಆಗ್ತಾ ಹೋದ್ರೆ ಮುಂದೆ ತೊಂದರೆ."

ಆಮೇಲೆ, ಜೊತೆಗೆ ಬಂದವರನ್ನು ಕರೆಯಿರಿ, ಅವರಿಗೂ ಹೇಳುತ್ತೇನೆ ಎಂದರು. ಯಾರೂ ಬಂದಿಲ್ಲವೆಂದು ಅವಳು ಚೀಲ ಹೆಗಲಿಗೇರಿಸಿದಳು.

ಆಯ್ಕೆ ನಿಮ್ಮದಂತೆ. ಹೇಳುವವರಿಗೇನು, ಸಲೀಸು. ನಾಲ್ಕು ಜನರಿರುವ ಮನೆಯಲ್ಲಾದರೆ ನಾಲ್ಕು ಬಾಯಿ, ಒಂದು ಜಗಳ, ಕೊನೆಗೆ ಯಾರೋ ಒಬ್ಬರು ಗದರಿ ಮುಗಿಸುತ್ತಾರೆ. ಒಬ್ಬಳೇ ಇರುವವಳು ಯಾರೊಡನೆ ಜಗಳವಾಡಬೇಕು? ಒಂದು ಕೋಣೆ, ಒಂದು ಕಿಟಕಿ, ಗೋಡೆಗೆ ತಾಗಿಸಿದ ಮಂಚ. ಅಮ್ಮ ತೀರಿಕೊಂಡು ಮೂರು ವರ್ಷ. ಇದ್ದಿದ್ದರೆ ಬೈದಾದರೂ ಒಂದು ದಾರಿ ತೋರಿಸುತ್ತಿದ್ದಳು. ಬೇರೆ ಊರಿನಲ್ಲಿದ್ದ ಅಣ್ಣನ ಹೆಂಡತಿಗೆ ಫೋನ್ ಮಾಡಿದಳು. ಅತ್ತಿಗೆ ಪಾತ್ರೆ ತೊಳೆಯುತ್ತಲೇ ಕೇಳಿಸಿಕೊಂಡಳು.

"ಇದೂ ಒಂದು ಕಾಯಿಲೆನಾ? ಮದುವೆ ಮಾಡ್ಕೊ, ಎಲ್ಲಾ ತಾನಾಗೇ ಸರಿಹೋಗುತ್ತೆ."

"ಗಂಡ ಏನು ಗುಳಿಗೆನಾ ಅತ್ತಿಗೆ, ಬೆಳಿಗ್ಗೆ ಒಂದು ರಾತ್ರಿ ಒಂದು ನುಂಗೋಕೆ?"

ಅತ್ತಿಗೆ ನಕ್ಕಳು. ಇವಳೂ ನಕ್ಕಳು. ಫೋನ್ ಇಟ್ಟ ಮೇಲೆ ಮೂಲೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು.

ಕಾದು ನೋಡುವುದೆಂದು ನಿಶ್ಚಯಿಸಿದಳು. ಎರಡು ವಾರದ ಮೇಲೆ ಒಂದು ಸೋಮವಾರ ಮುಟ್ಟಾಯಿತು; ಆ ಸಂಜೆಯೇ ಮೇಜಿನಡಿ ಮೊದಲ ಗೆರೆ ಬಿತ್ತು. ಕೆಲಸ ಬಿಟ್ಟ ಮೇಲೆ ಎರಡು ಬಸ್ ಸ್ಟಾಪಿನಷ್ಟು ದೂರ ನಡೆದೇ ಹೋಗತೊಡಗಿದಳು. ಅದಕ್ಕೆ ಮುಂಚೆ, ಉಳಿದವರೆಲ್ಲ ಡಬ್ಬಿ ಎತ್ತಿಕೊಂಡು ಹೊರಟ ಮೇಲೆ, ಬಗ್ಗಿ ಗೆರೆ ಎಳೆಯುವಳು. ಇವತ್ತು ಹೇಗಿದ್ದೀಯ ಎಂದು ಅವಳು ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದದ್ದು ಆ ಒಂದು ಗಳಿಗೆ. ಬೇರೆ ಯಾರೂ ಕೇಳುತ್ತಿರಲಿಲ್ಲ.

ಗೆರೆ ಅರವತ್ತಾಯಿತು, ಎಪ್ಪತ್ತಾಯಿತು. ಮುಟ್ಟು ಬರಲಿಲ್ಲ. ಇರಲಿ, ಇನ್ನೂ ಇಪ್ಪತ್ತಿದೆ ಎಂದುಕೊಂಡಳು.

ಒಂದು ಸೋಮವಾರ ಬೆಳಿಗ್ಗೆ, ಪಕ್ಕದಲ್ಲಿ ಇಸ್ತ್ರಿ ಹಾಕುವ ತಾತನ ನೀರು ಚಿಮುಕಿಸುವ ಬಾಟಲಿಯ ಮುಚ್ಚಳ ಉರುಳಿ ಅವಳ ಮೇಜಿನಡಿ ಸೇರಿತು. ತಾತ ಮಂಡಿಯೂರಿ ಒಳಗೆ ನುಗ್ಗಿದ. ಎಷ್ಟು ಹೊತ್ತಾದರೂ ಹೊರಬರಲಿಲ್ಲ.

"ಯಾವ ಆರ್ಡರಮ್ಮಾ ಇದು?" ಎಂದ ಅಲ್ಲಿಂದಲೇ. "ನನಗೆ ಯಾರೂ ಹೇಳೇ ಇಲ್ಲ."

ಅವಳ ಕತ್ತರಿ ಬಟ್ಟೆಯ ನಡುವೆ ನಿಂತಿತು. "ನನ್ನದೇ ಒಂದು, ತಾತ. ತೊಂಬತ್ತು ದಿನಕ್ಕೆ. ಇನ್ನೂ ಹನ್ನೆರಡು ದಿನ ಇದೆ."

ತಾತ ಬೆರಳಿಟ್ಟು ಕಟ್ಟುಗಳನ್ನು ಎಣಿಸಿದ. "ಹದಿಮೂರು ಕಟ್ಟು. ದಿನ ಹೇಳಿದ್ದು ನಮ್ಮ ಯಜಮಾನರಾ, ಹೊರಗಿನ ಗಿರಾಕಿನಾ?"

"ಹೊರಗಿನವರು."

"ಹಾಗಾದ್ರೆ ಕೆಟ್ಟೆ. ನಿನ್ನೆಗೇ ತೊಂಬತ್ತೊಂದಾಯ್ತು. ಗಿರಾಕಿ ಭಾನುವಾರಾನೂ ಎಣಿಸ್ತಾನೆ ಕಣಮ್ಮಾ. ನಾವು ಮಾತ್ರ ಎಣಿಸಲ್ಲ."

ಮುಚ್ಚಳ ಹಿಡಿದು ಹೊರಬಂದು, ಸೊಂಟ ನೀವಿಕೊಳ್ಳುತ್ತಾ ತನ್ನ ಹಲಗೆಗೆ ಹೋದ. 

ಹದಿಮೂರು ಭಾನುವಾರ. ಆ ದಿನಗಳಲ್ಲಿ ತಾನೇನು ಮಾಡಿದ್ದೆನೆಂದು ಅವಳು ನೆನೆಯಲು ನೋಡಿದಳು. ಒಗೆದ ಬಟ್ಟೆ, ಮಧ್ಯಾಹ್ನದ ನಿದ್ದೆ, ಕಿಟಕಿಯಾಚೆ ಯಾರದೋ ಮಕ್ಕಳ ಗದ್ದಲ. ಎಷ್ಟೋ ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಗಂಟಲು ಕಟ್ಟಿರುತ್ತಿತ್ತು. ಹಿಂದಿನ ದಿನವೆಲ್ಲ ಬಾಯಿಯನ್ನೇ ಬಿಟ್ಟಿರುತ್ತಿರಲಿಲ್ಲ. ಯಾರೂ ಮಾತಾಡಿಸದ ದಿನವನ್ನು ದಿನವೆಂದು ಹಿಡಿಯದೆ ಬಿಟ್ಟುಬಿಟ್ಟಿದ್ದಳು. ಮೈ ಬಿಟ್ಟಿರಲಿಲ್ಲ.

ಅರ್ಧ ದಿನ ರಜೆ ಹೇಳಿ ಆಸ್ಪತ್ರೆಗೆ ಹೋದಳು. ಬೆಂಚಿನ ಮೇಲೆ ಕೂತಾಗ, ಇನ್ನು ಹನ್ನೆರಡು ದಿನ ತಡೆದರೇನು, ಕೇಳುವವರು ಯಾರು ಎನ್ನಿಸಿತು. ಎದ್ದು ಬಾಗಿಲವರೆಗೂ ಹೋದಳು. ಕೇಳುವವರು ಯಾರೂ ಇಲ್ಲವೆಂದೇ ತಿರುಗಿ ಬಂದು ಕೂತಳು.

ಡಾಕ್ಟರಮ್ಮ ಮೊದಲು ಗರ್ಭದ ಪರೀಕ್ಷೆ ಮಾಡಿಸಿದರು, ಇನ್ನೊಮ್ಮೆ ಸ್ಕ್ಯಾನಿಂಗ್ ಮಾಡಿದರು. ಆಮೇಲೆ ಹತ್ತು ದಿನದ ಮಾತ್ರೆ ಬರೆದರು. ಮುಗಿದ ಮೇಲೆ ಮುಟ್ಟಾಗುತ್ತದೆ, ಆಗದಿದ್ದರೆ ಬನ್ನಿ ಎಂದರು. ತಿಂಗಳು ತಿಂಗಳಿನ ಮಾತ್ರೆಯ ಮಾತೂ ಬಂತು. ಈ ಸಲ ಅವಳಿಗೆ ಯಾರನ್ನೂ ಕೇಳಬೇಕೆನಿಸಲಿಲ್ಲ.

"ಅದು ಬೇಡ, ಮೇಡಂ. ತೊಂಬತ್ತು ದಾಟಿದಾಗ ಮಾತ್ರ ಇದು. ವರ್ಷಕ್ಕೊಂದು ಸಲ ಸಕ್ಕರೆ ನೋಡಿಸ್ತೀನಿ. ನನಗೆ ಅಷ್ಟು ಒಪ್ಪಿಗೆ."

ಅಷ್ಟು ಸಾಕು ಎಂದರು ಡಾಕ್ಟರಮ್ಮ.

ಮಾತ್ರೆ ಮುಗಿದ ಮೇಲೆ ಒಂದು ಬುಧವಾರ ಮುಟ್ಟಾಯಿತು. ಹೊಟ್ಟೆ ಹಿಂಡುತ್ತಿದ್ದರೂ ಕೆಲಸಕ್ಕೆ ಹೋಗಿ, ಒದ್ದೆ ಬಟ್ಟೆಯಿಂದ ಮೇಜಿನಡಿಯ ಗೆರೆಗಳನ್ನೆಲ್ಲ ಒರೆಸಿದಳು. ತಾತ ಕಂಡ.

"ಆರ್ಡರ್ ಕೊಟ್ಟೆಯಾ?"

"ಕೊಟ್ಟೆ. ತಡ ಆಯ್ತು."

"ಬೈದ್ರಾ?"

"ಇಲ್ಲ ತಾತ. ಇನ್ನೊಂದು ಹಿಡಿದಿದ್ದೀನಿ."

"ಭಾನುವಾರ ಬಿಡಬೇಡ ಮತ್ತೆ."

ಸಂಜೆ ಸೀಮೆಸುಣ್ಣದ ಒಂದು ತುಂಡನ್ನು ಡಬ್ಬಿಯ ಜೊತೆ ಚೀಲಕ್ಕೆ ಹಾಕಿಕೊಂಡು ಹೊರಟಳು. ಆವತ್ತಿನಿಂದ ಗೆರೆ ಬೀಳುವುದು ಕೋಣೆಯ ಬಾಗಿಲ ಹಿಂದೆ. ಆ ವಾರದ ಭಾನುವಾರ ಬಟ್ಟೆ ಒಗೆದಳು, ಉಂಡಳು, ಮಲಗಿ ಎದ್ದಳು. ಬೆಳಕು ಇಳಿಯುವ ಹೊತ್ತಿಗೆ ಬಾಗಿಲ ಹಿಂದೆ ಹೋಗಿ ನಿಂತಳು. ಆ ದಿನವೂ ಯಾರೂ ಮಾತಾಡಿಸಿರಲಿಲ್ಲ, ಗಂಟಲು ಕಟ್ಟಿತ್ತು. ಕೆಮ್ಮಿ ಸರಿಮಾಡಿಕೊಂಡು, "ಐದು" ಎಂದು ಗಟ್ಟಿಯಾಗಿ ಹೇಳಿ, ಗೆರೆ ಎಳೆದಳು.